ನಾಲ್ಕು ಕ್ಲಿಪ್ಪಿನ ಕರಿ ಡಬ್ಬಿ

ಫ್ಯಾನಿನ ಸದ್ದು ಎಡಗಿವಿಗೆ ಮಾತ್ರ ಕೇಳಿಸುತ್ತಿದೆ, ಬಲಗಿವಿ ಎಂದೋ ಸೋತಿದೆ, ಮೂವತ್ತು ವರ್ಷ ಎಂಜಿನ್ನುಗಳ ಮೇಲೆ ಬಾಗಿದ ಕಿವಿ — ಕಾರಿನ ಬಾಗಿಲಿಲ್ಲದ ಬಲಗಡೆಯಿಂದ ಗಾಳಿ ನುಗ್ಗಿ ಅಂಗಿಯ ತೋಳು ಪಟಪಟ ಅನ್ನುತ್ತಿದೆ, ಅದು ನನ್ನದೇ ಅಂಗಿ ಅನ್ನುವುದು ನೆನಪಿಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಸೀಟು ಇದ್ದ ಜಾಗದಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಬೋರಲು ಹಾಕಿ ಕೂತಿದ್ದೇನೆ, ಸೀಟನ್ನು ನಾನೇ ಬಿಚ್ಚಿದೆ, ನಾಲ್ಕು ಬೋಲ್ಟು, ಮೂರು ಸಲೀಸಾಗಿ ಬಂದವು, ನಾಲ್ಕನೆಯದು ಬಾಗಿತ್ತು, ಕೊಯ್ದೆ, ಕೊಯ್ಯುವಾಗ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು. ಧೀರನ್ ಹೋದದ್ದು ಆ ಸೀಟಿನಲ್ಲೇ, ನನ್ನ ಒಬ್ಬನೇ ಮಗ, ಇಪ್ಪತ್ತನಾಲ್ಕು ವರ್ಷ, ಅಣ್ಣೂರು ರಸ್ತೆಯಲ್ಲಿ, ಬೆಳಿಗ್ಗೆ ಎಂಟೂವರೆಗೆ, ಸತ್ಯಮಂಗಲದ ಬಸ್ಸನ್ನು ಹಿಂದೆ ಹಾಕಲು ಹೊರಗೆ ಬಂದು, ಎದುರಿನಿಂದ ಬಾಳೆಗೊನೆ ತುಂಬಿದ ಲಾರಿ — ಇದನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ ಈಗ ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಬಾಯಿಂದ ಬರುತ್ತದೆ. ಬಸ್ಸಿನ ಕಂಡಕ್ಟರ್ ಠಾಣೆಯಲ್ಲಿ ಹೇಳಿದ್ದು ಮಾತ್ರ ಹಾಗಲ್ಲ, ಅದು ಅವನ ದನಿಯಲ್ಲೇ ಬರುತ್ತದೆ, ಸಾರ್ ಅವನು ಬಸ್ಸಿನ ಅರ್ಧ ದಾಟಿಬಿಟ್ಟಿದ್ದ ಸಾರ್, ಇನ್ನೆರಡು ಸೆಕೆಂಡ್ ಸಾಕಿತ್ತು, ಆಮೇಲೆ ಏನಾಯ್ತೋ, ಹಿಂದಿನಿಂದ ಯಾರೋ ಹಿಡಿದು ಎಳೆದಂಗೆ ಕಾರು ಸುಮ್ಮನಾಗಿಬಿಡ್ತು. ಧೀರನ್ ಬ್ರೇಕ್ ಒತ್ತಿ ಬಸ್ಸಿನ ಹಿಂದಕ್ಕೆ ಸರಿಯಲು ನೋಡಿದ್ದಾನೆ, ಕಾರು ಅಡ್ಡ ತಿರುಗಿದೆ, ಲಾರಿ ಬಡಿದದ್ದು ಬಲಬಾಗಿಲಿಗೆ. ಬಾನೆಟ್ಟಿಗೆ, ಎಂಜಿನ್ನಿಗೆ, ಮುಂದಿನ ಎರಡು ಚಕ್ರಗಳಿಗೆ ಒಂದು ಗೀರೂ ಇಲ್ಲ. ಕೀ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ನಾಚಿಕೆಗೆಟ್ಟದ್ದು.

ಇವತ್ತಿಗೆ ಹದಿನೆಂಟು ದಿನ. ಹದಿನಾರನೆಯ ದಿನದ ಕಾರ್ಯಕ್ಕೆ ನಮ್ಮ ಪೀಳಮೇಡಿನ ಅರ್ಧ ಜನ ಬಂದಿದ್ದರು, ಎಲೆ ಹಾಕಿದ್ದರು, ನಾನೂ ತಿಂದೆ, ಬದನೆಕಾಯಿಗೆ ಉಪ್ಪು ಕಮ್ಮಿ ಇತ್ತು, ಅದು ನೆನಪಿದೆ. ನನ್ನ ಹೆಂಡತಿ ಮರಗದಂಳ ಅಣ್ಣ ಕೈ ತೊಳೆದುಕೊಂಡು ಬಂದು ಎಲ್ಲರೆದುರು ಅಂದ, ಸ್ವಂತ ಮಗನಿಗೆ ಬಾಂಬ್ ಕಟ್ಟಿಕೊಟ್ಟುಬಿಟ್ರಲ್ಲ ಮಾಪಿಳೆ, ಕಂಪನಿಯೋರು ಕೊಟ್ಟಿದ್ದು ಸಾಲದು ಅಂತ ದೊಡ್ಡ ಟರ್ಬೊ ಬೇರೆ, ಯಾರಿಗೆ ಬೇಕಿತ್ತು ಆ ವೇಗ? ಹೌದು, ದೊಡ್ಡ ಟರ್ಬೊ ಕೂರಿಸಿದ್ದು ನಾನೇ, ಎಂಜಿನ್ ಬಿಟ್ಟ ಹೊಗೆಯಿಂದಲೇ ತಿರುಗಿ ಅದೇ ಎಂಜಿನ್ನಿಗೆ ಗಾಳಿ ತುರುಕುವ ಬಸವನಹುಳು, ಅವನ ಇಪ್ಪತ್ತೆರಡನೆಯ ಹುಟ್ಟುಹಬ್ಬಕ್ಕೆ, ಟ್ರ್ಯಾಕಿನಲ್ಲಿ ಓಡಿಸುತ್ತೇನೆ ಅಂದಿದ್ದ, ಓಡಿಸಿ ಎರಡು ಕಪ್ಪೂ ತಂದ. ಮರಗದಂ ಅಳುತ್ತಿರಲಿಲ್ಲ. ಶವಾಗಾರದ ಬಾಗಿಲಲ್ಲಿ ನಿಮ್ಮ ಕೈ ಮುಟ್ಟಿದ ಕಾರು ಅಂದವಳು ಆಮೇಲೆ ನನ್ನೊಡನೆ ಮಾತೇ ಆಡಿರಲಿಲ್ಲ, ಆ ದಿನ ಎಲ್ಲರೂ ಇದ್ದಾಗ ನನ್ನ ಮುಖ ನೋಡದೆ ಹೇಳಿದಳು, ಅದು ಯಾಕೆ ನಿಂತಿತು ಅಂತ ಹೇಳೋದಕ್ಕೆ ಅವರಿಗೆ ಹೇಳಿ, ಮೂವತ್ತು ವರ್ಷ ಊರೋರ ಕಾರಿಗೆಲ್ಲ ಹೇಳಿದ್ದಾರಲ್ಲ, ಇದಕ್ಕೊಂದು ಹೇಳಲಿ, ನನಗೆ ಬೇರೇನೂ ಬೇಡ. ಗಂಡನಿಗೆ ಹೇಳುವ ಮಾತನ್ನು ಅಣ್ಣನಿಗೆ ಹೇಳಿದಳು. ಇಪ್ಪತ್ತಾರು ವರ್ಷ ನನ್ನನ್ನು ಏನುಂಗ ಏನುಂಗ ಎಂದು ಕರೆದ ಬಾಯಿ. ಅದಕ್ಕೇ ಕೂತಿದ್ದೇನೆ ಈ ಕ್ರೇಟಿನ ಮೇಲೆ, ಶಟರ್ ಅರ್ಧ ಇಳಿಸಿ, ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ, ಕಾರು ನಿಂತಲ್ಲೇ ಓಡಲೆಂದು ಮುಂದಿನ ಚಕ್ರಗಳನ್ನು ರೋಲರ್ ಮೇಲೆ ಹತ್ತಿಸಿ. ಹೇಳಬೇಕು. ಸರಿಯಾದದ್ದನ್ನೇ ಹೇಳಬೇಕು. ಗೊತ್ತಿಲ್ಲದ ಕಾಯಿಲೆಗೆ ಬಾಯಿಗೆ ಬಂದ ಹೆಸರಿಡುವವನು ಬೀದಿ ಜ್ಯೋತಿಷಿ, ಮೆಕ್ಯಾನಿಕ್ ಅಲ್ಲ, ಈ ಶೆಡ್ಡಿನಿಂದ ಇವತ್ತಿನವರೆಗೆ ಇಲ್ಲದ ತೊಂದರೆ ಹೇಳಿ ಒಂದು ಕಾರನ್ನೂ ಕಳಿಸಿಲ್ಲ.

ಅವನು ಹೇಳಿದ್ದ. ದೀಪಾವಳಿ ಕಳೆದ ವಾರವೇ ಹೇಳಿದ್ದ, ಅಪ್ಪಾ ಒಂದೊಂದ್ಸಲ ಪೂರ್ತಿ ಒತ್ತಿದಾಗ ಉಸಿರು ಕಟ್ಟುತ್ತಪ್ಪಾ, ಬೂಸ್ಟ್ ಮುಳ್ಳು ಮೇಲಕ್ಕೆ ಹೋಗಿ ದಬಕ್ ಅಂತ ಬೀಳುತ್ತೆ, ಕಾಲು ಎತ್ತಿ ಮತ್ತೆ ಒತ್ತಿದ್ರೆ ಏನೂ ಆಗಿಲ್ಲ ಅನ್ನೋ ಥರ ಓಡುತ್ತೆ. ಎಷ್ಟರಲ್ಲಿ ಅಂದೆ. ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ, ಮೂರನೇ ಗೇರಲ್ಲಿ, ನಾಲ್ಕನೇದರಲ್ಲಿ, ಅದೂ ಯಾವಾಗಲೂ ಅಲ್ಲ. ನೋಡಿದೆ, ನೋಡದೆ ಬಿಟ್ಟೆನೆಂದು ಯಾರೂ ಹೇಳುವ ಹಾಗಿಲ್ಲ, ಟರ್ಬೊದ ಬಾಯಿಗೆ ಮುಚ್ಚಳ ಬಿಗಿದು ಕಂಪ್ರೆಸರಿನಿಂದ ಗಾಳಿ ತುಂಬಿ ಒಂದೊಂದು ಪೈಪಿಗೂ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ, ಪ್ಲಗ್ಗು ಬದಲಿಸಿದೆ, ಪೆಟ್ರೋಲ್ ಪಂಪು ಬದಲಿಸಿದೆ. ಪೊಂಗಲ್ಲಿಗೆ ಮುಂಚೆ ಮತ್ತೆ ಬಂದ, ಅಪ್ಪಾ ಮತ್ತೆ ಅದೇ. ಮತ್ತೆ ಗಾಳಿ, ಮತ್ತೆ ಸೋಪು, ಮತ್ತೆ ಏನೂ ಇಲ್ಲ. ಕಾರಲ್ಲಿ ಏನೂ ಇಲ್ವೋ, ನಿನ್ನ ಕಾಲೇ ಸರಿ ಇಲ್ಲ, ಹೋಗಿ ನಿಮ್ಮ ತಾತನ ಮೊಪೆಡ್ ಓಡಿಸು ಅಂದೆ. ನಕ್ಕ, ಡಾಕ್ಟ್ರೇ ರೋಗಿಗೆ ಬೈದ್ರೆ ಹೆಂಗೆ ಸಾಮೀ. ಪಕ್ಕದ ಲೇತ್ ಶೆಡ್ಡಿನ ಆರೋಗ್ಯಂ ಗೋಡೆಯಾಚೆಯಿಂದ ಕೂಗಿದ, ನಾಚಿಮುತ್ತೂ, ಊರೋರ ಕಾರೆಲ್ಲ ನಿನ್ನ ಹತ್ರ ಬರುತ್ತೆ, ನಿನ್ನ ಮಗನ ಕಾರು ಎಲ್ಲಿಗೆ ಹೋಗ್ಬೇಕು, ವೇಳಾಂಕಣ್ಣಿ ಮಾತೆ ಹತ್ರಕ್ಕಾ? ಮೂವರೂ ನಕ್ಕೆವು. ನಿನ್ನ ಕಾಲೇ ಸರಿ ಇಲ್ಲ — ಕಾರಿನ ಬಗ್ಗೆ ನಾನು ಅವನಿಗೆ ಹೇಳಿದ ಕೊನೆಯ ಮಾತು ಅದು, ಅದರ ನಂತರ ಹನ್ನೊಂದು ದಿನ.

ಮೂರನೇ ಗೇರು. ರೋಲರ್ ತಿರುಗತೊಡಗಿತು, ಆರೋಗ್ಯಂ ತನ್ನ ಲೇತಿನಲ್ಲಿ ಕಡೆದುಕೊಟ್ಟ ರೋಲರ್, ನೆಲ ನಡುಗುತ್ತದೆ, ಮೇಲಿನ ನಮ್ಮ ಮನೆಯ ಪಾತ್ರೆಗಳೂ ನಡುಗುತ್ತವೆ, ಮರಗದಂಗೆ ಗೊತ್ತಾಗುತ್ತಿರಬೇಕು ನಾನು ಓಡಿಸುತ್ತಿದ್ದೇನೆಂದು. ಪೂರ್ತಿ ಒತ್ತಿದೆ, ಗಾಳಿಯ ಒತ್ತಡ ತೋರಿಸುವ ಮುಳ್ಳು ಏರಿತು, ಅರ್ಧ, ಒಂದು, ಒಂದು ಪಾಯಿಂಟ್ ಎರಡು, ನಿಂತಿತು, ಚೆನ್ನಾಗಿ ಎಳೆಯುತ್ತಿದೆ, ಕಾಲು ಎತ್ತಿದೆ. ಮತ್ತೆ. ಮತ್ತೆ. ಆರನೇ ಓಟದಲ್ಲಿ ಬಿತ್ತು, ನಾಲ್ಕು ಸಾವಿರದ ಇನ್ನೂರರಲ್ಲಿ, ಅವನು ಹೇಳಿದಂತೆಯೇ ದಬಕ್ಕನೆ, ಒಂದು ಪಾಯಿಂಟ್ ಎರಡರಿಂದ ಸೊನ್ನೆ ಪಾಯಿಂಟ್ ಎರಡಕ್ಕೆ, ಎಂಜಿನ್ ಹೊಟ್ಟೆ ಹಿಡಿದುಕೊಂಡ ಹಾಗೆ ಮುಲುಗಿತು. ಅವನ ಕಾಲು ಸರಿಯಾಗಿಯೇ ಇತ್ತು. ಅದೊಂದು ಗೊತ್ತಾದಾಗಲೂ ಎದೆಯಲ್ಲಿ ಏನೂ ಆಗಲಿಲ್ಲ, ಕೈ ತಾನಾಗಿ ಎಂಜಿನ್ ಆರಿಸಿತು, ಕೈಗೆ ಕೆಲಸ ಗೊತ್ತು. ಹೆಚ್ಚಾದ ಒತ್ತಡ ಹೊರಗೆ ಬಿಡುವ ಪುಟ್ಟ ಬಾಗಿಲೊಂದಿದೆ ಟರ್ಬೊಕ್ಕೆ, ಅದು ತಪ್ಪಿ ತೆರೆದುಕೊಳ್ಳುತ್ತಿರಬಹುದು, ಅದನ್ನು ತಂತಿ ಬಿಗಿದು ತೆರೆಯದಂತೆ ಮಾಡಿದೆ, ಒತ್ತಡ ವಿಪರೀತ ಏರಬಾರದೆಂದು ಪೆಡಲ್ ಅರ್ಧವೇ ಒತ್ತಿ ಓಡಿಸಿದೆ, ನಾಲ್ಕನೇ ಸಲಕ್ಕೆ ಮತ್ತೆ ಬಿತ್ತು. ಹಾಗಾದರೆ ಗಾಳಿ ಸೋರಿಹೋಗುತ್ತಿಲ್ಲ. ಸೋರುತ್ತಿಲ್ಲವಾದರೆ ಬರುತ್ತಲೇ ಇಲ್ಲ. ಇಷ್ಟು ಸರಳವಾದ ಮಾತು ಮೂರು ತಿಂಗಳು ಈ ತಲೆಗೆ ಹೊಳೆಯಲಿಲ್ಲ, ನಾನು ಹುಡುಕಿದ್ದೆಲ್ಲ ಎಲ್ಲಿಂದ ಹೊರಗೆ ಹೋಗುತ್ತಿದೆ ಎಂದು, ಒಳಗೆ ಬರುವ ದಾರಿಯನ್ನು ಕೇಳಲೇ ಇಲ್ಲ. ಗಾಳಿ ಸೋಸುವ ಫಿಲ್ಟರ್ ಡಬ್ಬಿಯಿಂದ ಟರ್ಬೊಕ್ಕೆ ಬರುವ ಪೈಪನ್ನು ಕಿತ್ತು ಪಕ್ಕಕ್ಕಿಟ್ಟು ಟರ್ಬೊದ ಬಾಯಿ ಬರಿದಾಗಿ ಬಿಟ್ಟು ಓಡಿಸಿದೆ, ಕಿರುಚಿತು, ಹತ್ತು ಸಲ ಓಡಿಸಿದೆ, ಹದಿನೈದು ಸಲ, ಮುಳ್ಳು ಬೀಳಲಿಲ್ಲ. ಡಬ್ಬಿ. ಕರಿ ಪ್ಲಾಸ್ಟಿಕ್ಕಿನ ಡಬ್ಬಿ, ನಾಲ್ಕು ಕ್ಲಿಪ್ಪು. ಬಿಚ್ಚಿದೆ. ಈ ಕಾರಿನಲ್ಲಿ ಗಾಳಿ ಮೇಲಿನಿಂದ ಬಂದು ಫಿಲ್ಟರ್ ದಾಟಿ ಕೆಳಭಾಗದ ಪಕ್ಕದ ಬಾಯಿಂದ ಟರ್ಬೊಕ್ಕೆ ಹೊರಡುತ್ತದೆ, ಆ ಬಾಯಿಗೆ ಕಂಪನಿಯವರೇ ಹಾಕಿದ ಒಂದು ಜಾಲರಿ. ಫಿಲ್ಟರ್ ಎತ್ತಿದೆ. ತಳದಲ್ಲಿ ಒಂದು ಹಳದಿ ಬಟ್ಟೆ ಬಿದ್ದಿತ್ತು.

ಅಂಗೈಯಗಲದ ಬಟ್ಟೆ, ಅರಿಶಿನದಲ್ಲಿ ಅದ್ದಿ ಒಣಗಿಸಿದ್ದು, ಒಂದು ಮೂಲೆಯಲ್ಲಿ ಗಂಟು, ಗಂಟಿನೊಳಗೆ ಒಂದು ರೂಪಾಯಿ. ಮುಡಿಪು. ಮೂರು ಸುತ್ತು ಹಾಕಿ ನಾಲ್ಕನೆಯದನ್ನು ಕೆಳಗಿನಿಂದ ತೂರಿಸಿದ ಗಂಟು, ಹಾಗೆ ಗಂಟು ಹಾಕುವವಳು ಈ ಮನೆಯಲ್ಲಿ ಒಬ್ಬಳೇ. ಅವನಿಗೆ ಕಾಮಾಲೆ ಬಂದಾಗ ದೇವರ ಗೂಡಿನ ಮೊಳೆಗೆ ಒಂದು ಕಟ್ಟಿದ್ದಳು, ಹತ್ತನೇ ಕ್ಲಾಸಿಗೆ ಒಂದು, ಎರಡನ್ನೂ ಹರಕೆ ತೀರಿದ ಮೇಲೆ ಪಳನಿ ಹುಂಡಿಗೆ ಹಾಕಿ ಬಂದೆವು, ಅವನು ನನ್ನ ಹೆಗಲ ಮೇಲೆ ಕೂತು ಒಂದು ಸಲ, ತಾನೇ ಮೆಟ್ಟಿಲು ಓಡಿ ಹತ್ತಿ ಒಂದು ಸಲ. ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕ್ರೇಟಿನ ಮೇಲೆ ಕೂತೆ. ಮೊದಲು ಏನಾಯಿತೆಂದರೆ ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ನನ್ನ ಟರ್ಬೊ ಅಲ್ಲ, ನನ್ನ ಪೈಪಲ್ಲ, ನನ್ನ ಕೈಯಲ್ಲ, ಹದಿನೆಂಟು ದಿನದಲ್ಲಿ ಮೊದಲ ಸಲ ಏನಾದರೂ ಅನ್ನಿಸಿದ್ದು ಇದೇ, ಇದನ್ನು ಹಿಡಿದುಕೊಂಡು ಹೋಗಿ ಅವಳ ಅಣ್ಣನ ಮುಖಕ್ಕೆ ಹಿಡಿಯಬಹುದು, ನೋಡಪ್ಪಾ ಬಾಂಬ್ ಕಟ್ಟಿದ್ದು ಯಾರು ಅಂತ. ಆಮೇಲೆ ಅದೂ ಹೋಯಿತು. ಮತ್ತೆ ಬರಿದು. ಪರೀಕ್ಷೆ ಮಾಡದೆ ಹೇಳಬಾರದು ಅಂದುಕೊಂಡೆ, ಪೈಪು ಮತ್ತೆ ಜೋಡಿಸಿದೆ, ಬಟ್ಟೆಯನ್ನು ಇದ್ದಲ್ಲೇ ಇಟ್ಟೆ, ತಂತಿ ಕ್ಯಾಮೆರಾವನ್ನು ಡಬ್ಬಿಯ ತಳದ ತೂತಿನಿಂದ ತೂರಿಸಿ ಫೋನಿಗೆ ಸಿಕ್ಕಿಸಿ ರಬ್ಬರ್ ಬ್ಯಾಂಡ್ ಹಾಕಿ ಸ್ಟೇರಿಂಗಿಗೆ ಫೋನು ಕಟ್ಟಿದೆ, ಓಡಿಸಿದೆ. ಫೋನಿನಲ್ಲಿ ಕಂಡಿತು. ನಿಧಾನಕ್ಕೆ ಓಡುವಾಗ ನಾಣ್ಯದ ಭಾರಕ್ಕೆ ತಳದಲ್ಲಿ ತೆಪ್ಪಗೆ ಮಲಗಿರುತ್ತದೆ, ಬೂಸ್ಟ್ ಏರಿದಂತೆ ಅಂಚು ಎದ್ದು ಆಡುತ್ತದೆ, ಬಿದ್ದುಕೊಳ್ಳುತ್ತದೆ, ಎದ್ದು ಬಿದ್ದು ಒಂದು ಸಲ ಪೂರಾ ಎದ್ದುಬಿಡುತ್ತದೆ, ಗಂಟು ಗಾಳಿಯಲ್ಲಿ ತೂಗುತ್ತದೆ, ಬಟ್ಟೆ ಜಾಲರಿಗೆ ಹೋಗಿ ಅಂಟುತ್ತದೆ, ಚಪ್ಪಟೆಯಾಗಿ, ಒಂದು ಸುಕ್ಕಿಲ್ಲದೆ. ಮುಳ್ಳು ಬಿತ್ತು. ಕಾಲು ಎತ್ತಿದೆ, ಬಟ್ಟೆ ಕಳಚಿ ತಳಕ್ಕೆ ಬಂತು, ಮುಗ್ಧ. ಮತ್ತೊಮ್ಮೆ ನೋಡಿದೆ. ಬೇಕಿರಲಿಲ್ಲ, ನೋಡಿದೆ.

ಕಾಯಿಲೆ ಶುರುವಾಗುವ ಮುಂಚೆ ಕೊನೆಯದಾಗಿ ಏನನ್ನ ಮುಟ್ಟಿದ್ರಿ — ಬರುವ ಪ್ರತಿಯೊಬ್ಬ ಗಿರಾಕಿಗೂ ನಾನು ಕೇಳುವ ಮೊದಲ ಪ್ರಶ್ನೆ, ಏನೂ ಮುಟ್ಟಿಲ್ಲಣ್ಣಾ ತಾನಾಗೇ ಆಯ್ತು ಅನ್ನುತ್ತಾರೆ, ತಾನಾಗೇ ಆಗೋದಕ್ಕೆ ಕಾರೇನು ಕನಸು ಕಾಣುತ್ತಾ ಅಂತ ಬೈಯುತ್ತೇನೆ. ನನಗೆ ನಾನೇ ಕೇಳಿಕೊಳ್ಳಲಿಲ್ಲ. ಆಯುಧಪೂಜೆ. ಶೆಡ್ಡೆಲ್ಲ ತೊಳೆದು ಸ್ಪಾನರುಗಳಿಗೆ ಗಂಧ ಹಚ್ಚಿದ ದಿನ, ಅವನ ಕಾರಿನ ಡಬ್ಬಿ ತೆರೆದು ಫಿಲ್ಟರನ್ನು ಬಿಸಿಲಿಗೆ ಇಟ್ಟಿದ್ದೆ, ನಾನು ಬೇರೊಂದು ಕಾರಿನ ಕೆಳಗೆ ಮಲಗಿದ್ದೆ, ಮರಗದಂ ತಟ್ಟೆ ಹಿಡಿದು ಬಂದಳು, ಅವಳ ಕಾಲು ಮಾತ್ರ ಕಾಣುತ್ತಿತ್ತು, ಕಾಲಿಗೂ ಅರಿಶಿನ. ಏನುಂಗ, ಇದು ಎಲ್ಲಿಂದ ಉಸಿರಾಡುತ್ತೆ ಅಂದಳು. ಆ ಕರಿ ಡಬ್ಬಿಯಿಂದ ಅಂದೆ. ಇದೇನಾ? ಹೂಂ ಅದೇ. ಇಷ್ಟು ವರ್ಷದ ಮೇಲಾದರೂ ಕೆಲಸದ ಬಗ್ಗೆ ಕೇಳಿದಳಲ್ಲ ಎಂದು ಒಳಗೊಳಗೇ ಹಿಗ್ಗಿದೆ, ಯಾಕೆ ಅಂತ ಕೇಳಲಿಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ, ಹರಕೆಯನ್ನು ತೀರುವ ತನಕ ಬಾಯಿಬಿಟ್ಟು ಹೇಳುವುದಿಲ್ಲ ಅವರ ಮನೆಯವರು. ಟ್ರ್ಯಾಕಿನಲ್ಲಿ ಓಡುವ ಮಗನ ಕಾರು, ಅದರ ಉಸಿರಿನ ಜಾಗದಲ್ಲಿ ಮುರುಗನನ್ನು ಇಟ್ಟುಹೋದಳು. ಆಮೇಲೆ ಫಿಲ್ಟರ್ ಕೂರಿಸಿ ಕ್ಲಿಪ್ಪು ಹಾಕಿದವನು ನಾನು. ಟಕ್ ಟಕ್ ಟಕ್ ಟಕ್. ಮುಚ್ಚುವ ಮುಂಚೆ ಟಾರ್ಚ್ ಬಿಟ್ಟು ಕಣ್ಣಾರೆ ನೋಡು ಎಂದು ಮಗನಿಗೆ ಎಷ್ಟು ಸಲ ತಲೆಗೆ ಮೊಟಕಿ ಕಲಿಸಿದವನು ನೋಡಲಿಲ್ಲ, ಹಬ್ಬದ ದಿನ, ಹಸಿವಾಗಿತ್ತು, ಮೇಲೆ ಪಾಯಸದ ವಾಸನೆ. ಮುಂದೆ ಎರಡು ಸಲ ಸೋಪಿನ ನೀರಿನ ಪರೀಕ್ಷೆ ಮಾಡಿದಾಗಲೂ, ಟರ್ಬೊದ ಬಾಯಿ ಮುಚ್ಚಬೇಕಾದರೆ ಮೊದಲು ಈ ಡಬ್ಬಿ ಕಿತ್ತಿಡಬೇಕು, ಕಿತ್ತು ಬೆಂಚಿನ ಮೇಲೆ ಇಟ್ಟಿದ್ದೆ, ಬಿಚ್ಚಲಿಲ್ಲ, ಅದರ ಮೇಲೆ ಟೀ ಲೋಟ ಇಟ್ಟುಕೊಂಡು ಕಾರಿನ ತುಂಬ ಹುಡುಕಿದೆ. ಧೀರನ್ ಆ ಲೋಟ ತೆಗೆದುಕೊಂಡು ಉಳಿದ ಅರ್ಧ ಟೀ ಕುಡಿದ. ಹಾಗಾದರೆ ಇದು ಯಾರ ತಪ್ಪು ಅಂತ ಬರೆಯುವುದು, ಅವಳು ಇಟ್ಟಳು, ನಾನು ಮುಚ್ಚಿದೆ, ನಾನೇ ಎರಡು ಸಲ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟೆ. ತೂಗಿದರೆ ನನ್ನ ಕಡೆಯೇ ಭಾರ. ಇದು ಗೊತ್ತಾದರೆ ಅವಳು ಬದುಕುವುದಿಲ್ಲ, ಇದರಲ್ಲಿ ಅನುಮಾನವೇ ಇಲ್ಲ, ಮಗ ಹೋದನೆಂದು ಸಾಯದವಳು ಇದರಿಂದ ಸಾಯುತ್ತಾಳೆ. ಹೇಳುವುದಿಲ್ಲ. ಡಬ್ಬಿ ಕಿತ್ತು ಬೆಂಚಿನ ಮೇಲಿಟ್ಟು ಬಟ್ಟೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ, ಗುಂಡಿ ಹಾಕಿದೆ.

ಶಟರಿನ ಕೆಳಗೆ ಬಗ್ಗಿ ಬಂದವಳ ಕೈಯಲ್ಲಿ ತಟ್ಟೆ. ಅಕ್ಕಿ ಬೇಳೆ ಕೂಡಿಸಿ ಬೇಯಿಸಿದ ಅರಿಸಿ ಪರುಪ್ಪು ಸಾದಂ, ಮೇಲೆ ತುಪ್ಪ. ಇಷ್ಟು ದಿನ ಅಕ್ಕಪಕ್ಕದವರು ಕೊಟ್ಟದ್ದನ್ನೇ ತಿಂದದ್ದು, ಇವತ್ತು ಒಲೆ ಹಚ್ಚಿದ್ದಾಳೆ. ಕಾರಿನ ಕಡೆ ನೋಡಲಿಲ್ಲ, ಬೆಂಚಿನ ಮೇಲೆ ಜಾಗ ಮಾಡಿ ತಟ್ಟೆ ಇಟ್ಟಳು, ಸೆರಗಿನಿಂದ ಕೈ ಒರೆಸಿಕೊಂಡಳು, ಆಮೇಲೆ ಅಂದಳು, ಏನುಂಗ. ಎಡಗಿವಿಗೆ ಕೇಳಿಸಿತು. ಹದಿನೆಂಟು ದಿನದ ಮೇಲೆ. ಸದ್ದು ನಿಂತಿತು, ಅದಕ್ಕೇ ಬಂದೆ, ಸಿಕ್ತಾ? ಸಿಕ್ತು ಅಂದೆ. ಅವಳು ಕಾಯುತ್ತಿದ್ದಾಳೆ, ತುಟಿ ಒಣಗಿದೆ, ಎಷ್ಟು ಇಳಿದುಹೋಗಿದ್ದಾಳೆ, ಬಳೆ ಮೊಣಕೈಯವರೆಗೆ ಜಾರುತ್ತಿದೆ. ನನ್ನ ತಪ್ಪು ಅಂದೆ, ನಿಮ್ಮಣ್ಣ ಹೇಳಿದ್ದು ಸರಿ, ನನ್ನ ಕೈಯದೇ ತಪ್ಪು. ಏನು ತಪ್ಪು? ಪೈಪಿನ ಕ್ಲಾಂಪು ಸಡಿಲ ಬಿಟ್ಟಿದ್ದೆ ಅಂದಿದ್ದರೆ ಮುಗಿಯುತ್ತಿತ್ತು, ಅಷ್ಟು ಸಾಕಿತ್ತು, ಅವಳಿಗೆ ಕ್ಲಾಂಪೂ ಗೊತ್ತಿಲ್ಲ ಪೈಪೂ ಗೊತ್ತಿಲ್ಲ, ಆದರೆ ಮೂವತ್ತು ವರ್ಷದ ನಾಲಿಗೆ, ಇಲ್ಲದ ತೊಂದರೆಗೆ ಹೆಸರಿಡಲು ಅದಕ್ಕೆ ಬರಲಿಲ್ಲ, ಇದ್ದದ್ದನ್ನೇ ಹೇಳಿತು, ಯಾರದು ಅನ್ನುವುದನ್ನು ಮಾತ್ರ ಬಿಟ್ಟು ಹೇಳಿತು — ಕೈ ಒರೆಸೋ ಬಟ್ಟೆ ಒಳಗೆ ಮರೆತುಬಿಟ್ಟಿದ್ದೆ, ಅದು ಹೋಗಿ ಗಾಳಿಗೆ ಅಡ್ಡ ಕೂತಿದೆ, ಅವನು ಎರಡು ಸಲ ಹೇಳಿದ, ನಾನು ನೋಡಲಿಲ್ಲ. ಅವಳು ಹೂಂ ಅಂದಳು. ಬೈಯಲಿಲ್ಲ. ತಟ್ಟೆಯನ್ನು ನನ್ನ ಕಡೆ ಸರಿಸಿದಳು, ತಿನ್ನಿ, ಆರಿಹೋಗುತ್ತೆ. ಎರಡು ಹೆಜ್ಜೆ ಹೋದಳು. ಶಟರಿನ ಹತ್ತಿರ ನಿಂತಳು, ಬೆನ್ನು ನನ್ನ ಕಡೆ, ಬಿಸಿಲಿಗೆ ಅವಳ ಸೀರೆಯ ಅಂಚು ಹೊಳೆಯುತ್ತಿದೆ. ಒಳಗೆ ಅಂದ್ರೆ ಯಾವುದರೊಳಗೆ ಅಂದಳು. ಫಿಲ್ಟರ್ ಡಬ್ಬಿ ಅಂದೆ, ಇಷ್ಟು ಹೊತ್ತಿಗೆ ಅನ್ನ ಬಾಯಲ್ಲಿತ್ತು. ಆ ಕರಿ ಡಬ್ಬಿನಾ. ಹೂಂ. ತಿರುಗಿದಳು. ಅವಳು ನನ್ನ ಮುಖ ನೋಡುತ್ತಿಲ್ಲ, ಬೆಂಚಿನ ಮೇಲೆ ಬಾಯಿ ತೆರೆದು ಬಿದ್ದಿರುವ ಡಬ್ಬಿಯನ್ನು ನೋಡುತ್ತಿದ್ದಾಳೆ, ಅದರ ತಳ ಬರಿದಾಗಿರುವುದನ್ನು ನೋಡುತ್ತಿದ್ದಾಳೆ, ಅವಳ ಕೈ ತನ್ನ ಕೊರಳಿಗೆ ಹೋಯಿತು. ಯಾವ ಬಣ್ಣದ ಬಟ್ಟೆ ಅಂದಳು. ಕರಿ, ಕರಿ ಅನ್ನಬೇಕು, ಶೆಡ್ಡಿನ ಬಟ್ಟೆಯೆಲ್ಲ ಗ್ರೀಸಿನಿಂದ ಕರಿಯೇ, ಬಿಳಿ ಬನಿಯನ್ ಹರಿದದ್ದು ಅಂತಲಾದರೂ ಅನ್ನಬೇಕು, ಎರಡಕ್ಷರ, ಕರಿ, ಬಿಳಿ, ಯಾವುದಾದರೊಂದು, ಏನುಂಗ ಯಾವ ಬಣ್ಣ, ಎಷ್ಟು ಮೆಲ್ಲಗೆ ಕೇಳುತ್ತಿದ್ದಾಳೆ, ಕರಿ ಅನ್ನು, ಅನ್ನೋ ನಾಚಿಮುತ್ತು, ಬಾಯಿ ತೆರೆದೇ ಇದೆ, ಕೈ ಜೇಬಿನ ಮೇಲಿದೆ, ಯಾಕೆ ಜೇಬಿನ ಮೇಲಿದೆ ಕೈ, ತೆಗಿ, ಅವಳು ಕೈಯನ್ನೇ ನೋಡುತ್ತಿದ್ದಾಳೆ, ಎದ್ದು ಆಡುತ್ತದೆ, ಬೀಳುತ್ತದೆ, ಗಂಟು ತೂಗುತ್ತದೆ, ಪೂರಾ ಎದ್ದಿತು, ಜಾಲರಿ, ಜಾಲರಿಯ ಮೇಲೆ ಹಳದಿ, ಚಪ್ಪಟೆಯಾಗಿ, ಒಂದು ಸುಕ್ಕಿಲ್ಲದೆ, ಹಳದಿ